ಸಂಗೀತ ಗೊತ್ತಿರಲಿಲ್ಲವಂತೆ!

ಇವತ್ತು ಮತ್ತೊಂದು ರೀಲ್ಸ್: ಸಂಗೀತವೇ ಬಾರದ ಕುಡುಕ ಮೆಕ್ಸಿಕೋವನ್ನು ಗೆದ್ದನಂತೆ. ಹಿನ್ನೆಲೆಗೆ ಟ್ರಂಪೆಟ್, ಪಕ್ಕಕ್ಕೊಂದು ಟಕೀಲಾ ಬಾಟಲಿ. ಮೆಕ್ಸಿಕೋದ ಹಾಡುಗಾರ, ಹಾಡು ಕಟ್ಟುವವ ಹೊಸೆ ಆಲ್ಫ್ರೆದೊ ಹಿಮೆನೆಸ್ ಅಂದ ತಕ್ಷಣ ಈ ಜನಕ್ಕೆ ಬಾಟಲಿಯೇ ಯಾಕೆ ಕಾಣುತ್ತದೋ.

ವಾದ್ಯ ಬರುತ್ತಿರಲಿಲ್ಲ, ಸ್ವರಲಿಪಿಯೂ ಬರುತ್ತಿರಲಿಲ್ಲ, ಸರಿ. 1926ರಲ್ಲಿ ದೊಲೊರೆಸ್ ಇದಾಲ್ಗೊ ಅನ್ನುವ ಊರಿನಲ್ಲಿ ಔಷಧಿ ಅಂಗಡಿಯವರ ಮನೆಯಲ್ಲಿ ಹುಟ್ಟಿದವರು. ಅಪ್ಪ ತೀರಿಕೊಂಡ ಮೇಲೆ ಮೆಕ್ಸಿಕೋ ಸಿಟಿ. ಹೋಟೆಲಿನಲ್ಲಿ ಸಪ್ಲೈಯರ್, ಮೈದಾನದಲ್ಲಿ ಗೋಲ್‌ಕೀಪರ್. ಸಾಹಿತ್ಯ, ಧಾಟಿ ಎರಡೂ ಅವರವೇ. ಅವರು ಹಾಡಿ ತೋರಿಸಿದ್ದನ್ನು ಸಂಗೀತ ಸಂಯೋಜಕ ರುಬೆನ್ ಫುವೆಂತೆಸ್ ಬರೆದುಕೊಂಡು ಮರಿಯಾಚಿ (ಮೆಕ್ಸಿಕೋದ ಸಾಂಪ್ರದಾಯಿಕ ವಾದ್ಯಮೇಳ) ವಾದ್ಯಗಳಿಗೆ ಹಂಚುತ್ತಿದ್ದರು. ಲಿಪಿ ಬಾರದಿದ್ದರೆ ಸಂಗೀತವೇ ಬಾರದು ಅನ್ನುವುದಾದರೆ ನಮ್ಮ ಜನಪದ ಗಾಯಕರನ್ನೆಲ್ಲ ಮನೆಗೆ ಕಳಿಸಬೇಕಾಗುತ್ತದೆ.

1971ರ ಅವರ 'ಎಲ್ ರೆಯ್' ಹಾಡು ತಗೊಳ್ಳಿ. ಸಾಲಿಗೆ ಎಂಟು ಅಕ್ಷರ, ಲಘು-ಗುರು ಲೆಕ್ಕವಿಲ್ಲ: ಕೊನ್-ದಿ-ನೆ-ರೊಯ್-ಸಿನ್-ದಿ-ನೆ-ರೊ (ದುಡ್ಡಿದ್ದರೂ, ದುಡ್ಡಿಲ್ಲದಿದ್ದರೂ). 'ರೊ' ಮತ್ತು 'ಇ' ಕೂಡಿ ಒಂದೇ ಆಗಿದೆ ನೋಡಿ, ನಮ್ಮ ಸಂಧಿಯ ಹಾಗೆ. ಮೂರನೆಯ ಸಾಲು 'ಲೆಯ್' (ಕಾನೂನು) ಎಂದು ಒತ್ತಿ ಹೇಳುವ ಅಕ್ಷರದಲ್ಲಿ ಮುಗಿಯುತ್ತದೆ. ಉಚ್ಚರಿಸುವುದು ಏಳೇ, ಸ್ಪ್ಯಾನಿಷ್ ಛಂದಸ್ಸು ಒಂದು ಕೂಡಿಸಿ ಎಂಟು ಅನ್ನುತ್ತದೆ. ಆಮೇಲೆ ಅದಕ್ಕೇ ಪ್ರಾಸವಾಗಿ 'ರೆಯ್', ಅಂದರೆ ರಾಜ. ಗಾಯಕ ಎಳೆಯುವುದು ಅಲ್ಲೇ. 'ಎ'ಕಾರದಲ್ಲಿ ಬಾಯಿ ತೆರೆದು ನಿಲ್ಲಬೇಕು, 'ಯ್' ಕೊನೇ ಗಳಿಗೆಯಲ್ಲಿ ಮುಟ್ಟಿದರೆ ಸಾಕು. ರೀಲ್ಸಿನ ಮಹಾಶಯರು 'ಯ್' ಮೇಲೆ ಎಳೆದು ಕೀರಲು ಮಾಡಿಕೊಂಡರು. ತಾಳ ಮೂರೆಣಿಕೆ: ಮೊದಲ ಪೆಟ್ಟು ಗಿತರ್ರೋನ್ (ಮಂದ್ರದ ದೊಡ್ಡ ಗಿಟಾರು), ಎರಡು-ಮೂರು ವಿಹ್ವೇಲಾ (ಚಿಕ್ಕ ಗಿಟಾರು). ಹಾಡುವವರು ಇದರ ಹಿಂದೆ ಸ್ವಲ್ಪ ತಡವಾಗಿ ನಡೆಯಬೇಕು. ಗಡಿಯಾರ ಹಿಡಿದು ಹಾಡಿದರೆ ಶಾಲಾ ಕವಾಯತು.

'ಆದರೂ ಕುಡಿಯುತ್ತಿದ್ದರಲ್ಲ' ಅಂತೀರಿ. ಹೌದು, 1973ರಲ್ಲಿ, 47ನೇ ವಯಸ್ಸಿಗೆ, ಲಿವರ್ ಕೆಟ್ಟೇ ಹೋದರು. ಕುಡಿತದಿಂದ ಹಾಡು ಹುಟ್ಟುವಂತಿದ್ದರೆ ಪ್ರತಿ ಬಾರಿನ ಮುಂದೆ ರಾತ್ರಿ ಹನ್ನೊಂದಕ್ಕೆ ಕವಿಗೋಷ್ಠಿ ನಡೆಯಬೇಕಿತ್ತು.

ಒಪ್ಪಿಕೊಂಡುಬಿಡುತ್ತೇನೆ: ಆ ಹಾಡಿನ ಗಂಡಸು ಜಂಬ ನನಗೂ ಕಿರಿಕಿರಿ. ಆದರೆ ಸಿಂಹಾಸನವಿಲ್ಲ, ರಾಣಿಯಿಲ್ಲ, ಅರ್ಥಮಾಡಿಕೊಳ್ಳುವವರೂ ಇಲ್ಲ ಎಂದು ಹೇಳಿಕೊಂಡೇ ತಾನು ರಾಜ ಅನ್ನುವವನ ಜಂಬ ಎಷ್ಟು ಹೊತ್ತಿನದು? ಗಾಯಕಿ ಚವೇಲಾ ವರ್ಗಾಸ್ ಹಿಮೆನೆಸರ ಹಾಡುಗಳನ್ನು ಟ್ರಂಪೆಟ್ ಬಿಟ್ಟು, ಬರೀ ಗಿಟಾರಿಟ್ಟುಕೊಂಡು, ನಿಧಾನಕ್ಕೆ ಹಾಡಿದರು. ಹೆಣ್ಣನ್ನು ಕುರಿತ ಸಾಲುಗಳನ್ನು ಹೆಣ್ಣಾಗಿದ್ದೂ ಬದಲಿಸಲಿಲ್ಲ. ಅಲಂಕಾರವೆಲ್ಲ ಕಳಚಿದರೂ ಹಾಡು ಒಂದು ಕಡೆಯೂ ಜೋಲುವುದಿಲ್ಲ. ಮುಂದಿನ ರೀಲ್ಸಿಗೆ ಬಾಟಲಿ ಬದಿಗಿಟ್ಟು ಅದನ್ನು ಹಾಕಿ ನೋಡೋಣ.