ಸ್ಯಾಂಡರ್ ಹೊಸದು, ಪೈಪ್ ಕೂರುವುದಿಲ್ಲ

ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಮರ ಉಜ್ಜಿ ನುಣುಪು ಮಾಡುವ ಒಂದು ಒಳ್ಳೆಯ ಸ್ಯಾಂಡರ್ ಕೊಂಡೆ. ಮಷಿನ್ ಬಗ್ಗೆ ತಕರಾರಿಲ್ಲ. ಅರ್ಧ ಗಂಟೆ ಹಿಡಿದರೂ ಕೈ ಜುಮ್ಮೆನ್ನುವುದಿಲ್ಲ, ಮರದ ಮೇಲೆ ಸುರುಳಿ ಗೀರು ಉಳಿಯುವುದಿಲ್ಲ. ಸಿಟ್ಟು ಬಂದಿದ್ದು ಧೂಳು ಎಳೆಯುವ ಪೈಪ್ ಸಿಕ್ಕಿಸಲು ಹೋದಾಗ.

ಕೂರುವುದೇ ಇಲ್ಲ! ಮನೆಯಲ್ಲಿರುವ ವ್ಯಾಕ್ಯೂಮ್ ಪೈಪಿನ ಬಾಯಿ 35 ಮಿ.ಮೀ., ಸ್ಯಾಂಡರಿನದು 27. ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದಲೇಬಾರದು ಅಂತ ಮಾಡಿದ ಹಾಗಿದೆ. ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಮೇಲೆ ಟೇಪ್ ಬಿಗಿದೆ. ಐದು ನಿಮಿಷ ನಿಂತಿತು. ಟೇಬಲ್ಲಿನ ಅಂಚು ಉಜ್ಜುವಾಗ ಪಟ್ಟಂತ ಕಳಚಿಕೊಂಡಿತು. ನುಣ್ಣನೆ ಪುಡಿಯೆಲ್ಲ ಹೋಗಿ, ಆಗಷ್ಟೇ ಪಾಲಿಷ್ ಹಚ್ಚಿಟ್ಟಿದ್ದ ಹಲಗೆಯ ಮೇಲೆ ಕೂತಿತು. ಎರಡು ಸಂಜೆಯ ಕೆಲಸ ಅದು. ಮತ್ತೆ ಮೊದಲಿಂದ ಉಜ್ಜಬೇಕು.

ಸ್ಯಾಂಡ್ ಪೇಪರಿನದೂ ಇದೇ ಪಾಡು. ಹಳೆ ಸ್ಯಾಂಡರಿಗೆ 125 ಮಿ.ಮೀ. ಅಗಲದ ಬಿಲ್ಲೆ, ಧೂಳು ಹೋಗಲು ಎಂಟು ತೂತು. ಹೊಸದಕ್ಕೆ 150 ಬೇಕು. ಒರಟು 80ನೇ ನಂಬರಿನಿಂದ ನುಣ್ಣನೆ 320ರವರೆಗೆ ಡಬ್ಬಿ ತುಂಬ ಇಟ್ಟಿದ್ದು ಸುಮ್ನೆ ಬಿದ್ದಿದೆ.

ಇದು ಬರೀ ಕಿರಿಕಿರಿಯ ಮಾತಲ್ಲ. ಮರದ ಧೂಳು ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಕಣ್ಣಿಗೆ ಕಾಣದಷ್ಟು ನುಣ್ಣಗಿರುವ ಪುಡಿಯೇ ಎದೆಯೊಳಗೆ ಆಳಕ್ಕಿಳಿಯುವುದು. ಅದನ್ನು ಹಿಡಿಯುವ ಪೈಪಿಗೆ ಎಲ್ಲರೂ ಸೇರಿ ಒಂದೇ ಅಳತೆ ಮಾಡಿದರೆ ಇವರ ಗಂಟೇನು ಹೋಗುತ್ತೆ? ಹೋಗಲಿ, ಬೆರಳುದ್ದದ ಒಂದು ರಬ್ಬರ್ ಅಡಾಪ್ಟರನ್ನು ಡಬ್ಬಿಯೊಳಗೆ ಹಾಕಿ ಕೊಡಬಹುದಲ್ವಾ? ಅಷ್ಟು ಜಾಸ್ತಿ ದುಡ್ಡು ತೆಗೆದುಕೊಂಡ ಮೇಲೆ?

ಈಗ ಆ ಅಡಾಪ್ಟರಿಗೆ ಬೇರೆ ಆರ್ಡರ್ ಹಾಕಿ ಕಾಯುತ್ತಿದ್ದೇನೆ. ಅರ್ಧ ಉಜ್ಜಿದ ಟೇಬಲ್ ಹಾಗೇ ನಿಂತಿದೆ.