ಮೀನಿನ ಹುಳುವಿಗೆ ಹೆಸರಿಡುವ ಮೊದಲು

ಕಳೆದ ವಾರ ಮಲ್ಪೆಯ ಪರಿಚಿತರೊಬ್ಬರು ಮದಿಮಾಲ್ ಮೀನನ್ನು ಸ್ವಚ್ಛ ಮಾಡುವಾಗ ಕರುಳಿಗೆ ಅಂಟಿಕೊಂಡಿದ್ದ ಎರಡು ಬಿಳಿ ಹುಳುಗಳ ಫೋಟೋ ಕಳುಹಿಸಿ, "ಸರ್, ಇದು ಅನಿಸಾಕಿಸ್ ಅಲ್ಲವೇ? ಮೀನು ಬಿಸಾಡಬೇಕೇ?" ಎಂದು ಕೇಳಿದರು. ಅನಿಸಾಕಿಸ್ ಎಂದರೆ ಸಮುದ್ರದ ಮೀನಿನಲ್ಲಿರುವ, ಅದನ್ನು ತಿಂದ ಮನುಷ್ಯರಿಗೂ ತೊಂದರೆ ಕೊಡಬಲ್ಲ ದುಂಡುಹುಳು. ಫೋಟೋ ನೋಡಿ ಉತ್ತರಿಸುವ ಪ್ರಶ್ನೆ ಅದಲ್ಲ. ಹುಳುಗಳನ್ನು ಉಪ್ಪುನೀರಿನ ಡಬ್ಬಿಯಲ್ಲಿ ಹಾಕಿ ತನ್ನಿರೆಂದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಹೆರಿಂಗ್ ಮೀನನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಈ ಹುಳು ಸಿಕ್ಕ ಸಂಗತಿ 1960ರಲ್ಲಿ ಪ್ರಕಟವಾದ ಮೇಲೆ ಅನಿಸಾಕಿಸ್ ಎಂಬ ಹೆಸರು ಪ್ರಸಿದ್ಧವಾಯಿತು. ಈಗ ಸಮುದ್ರದ ಮೀನಿನಲ್ಲಿ ಕಂಡ ದುಂಡುಹುಳುವಿಗೆಲ್ಲ, ಕೆಲವೊಮ್ಮೆ ಅಂಜಲ್ ಮಾಂಸದೊಳಗಿನ ಲಾಡಿಹುಳುವಿನ ಮರಿಗೂ, ಅದೇ ಹೆಸರನ್ನು ಅಂಟಿಸುತ್ತಾರೆ. ಇದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದುಂಡುಹುಳುಗಳ ಪ್ರಭೇದಗಳನ್ನು ಮುಖ್ಯವಾಗಿ ಗುರುತಿಸುವುದು ಬೆಳೆದ ಗಂಡು ಹುಳುವಿನ ಬಾಲದ ಅಂಗಗಳಿಂದ. ಮೀನಿನಲ್ಲಿ ನಮಗೆ ಸಿಗುವ ಮೂರನೆಯ ಹಂತದ ಮರಿಗೆ ಆ ಅಂಗಗಳು ಇನ್ನೂ ಮೂಡಿರುವುದಿಲ್ಲ. ಅನಿಸಾಕಿಸ್ ಮರಿ ಚಕ್ಕುಲಿಯಂತೆ ಸುರುಳಿ ಸುತ್ತಿ ಮಲಗಿರುವುದು ಸಾಮಾನ್ಯವಾದರೂ ಸುರುಳಿಯೊಂದೇ ಸಾಕ್ಷಿಯಾಗದು. ಹುಳುವಿನ ಒಳಗನ್ನು ನೋಡಬೇಕು. ಬಿಸಿ ಆಲ್ಕೋಹಾಲಿಗೆ ಹಾಕಿದರೆ ಅದು ನೆಟ್ಟಗಾಗುತ್ತದೆ. ಗ್ಲಿಸರಿನ್‌ನಲ್ಲಿ ಇರಿಸಿದರೆ ನಿಧಾನವಾಗಿ ಪಾರದರ್ಶಕವಾಗಿ, ಅನ್ನನಾಳ ಮುಗಿದು ಕರುಳು ಶುರುವಾಗುವ ಜಾಗ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ವೆಂಟ್ರಿಕ್ಯುಲಸ್ ಎಂಬ ಗ್ರಂಥಿಯ ತುಂಡಷ್ಟೇ ಇದ್ದು, ಹಿಂದಕ್ಕಾಗಲಿ ಮುಂದಕ್ಕಾಗಲಿ ಕವಲೇ ಇಲ್ಲದಿದ್ದರೆ ಅನಿಸಾಕಿಸ್. ಕರುಳಿನಿಂದ ಮುಂದಕ್ಕೆ ಚಾಚಿದ ಸೀಕಮ್ ಎಂಬ ಚೀಲದಂಥ ಕವಲು ಮಾತ್ರ ಇದ್ದರೆ ಸ್ಯೂಡೋಟೆರನೋವ. ವೆಂಟ್ರಿಕ್ಯುಲಸ್‌ನಿಂದ ಹಿಂದಕ್ಕೆ ಇಳಿದ ಬಾಲದಂಥ ಭಾಗ ಮಾತ್ರ ಇದ್ದರೆ ರಾಫಿಡಾಸ್ಕಾರಿಸ್. ಎರಡೂ ಇದ್ದರೆ ವಿಸರ್ಜನಾ ರಂಧ್ರವನ್ನು ಹುಡುಕಬೇಕು: ಅದು ತುಟಿಗಳ ಬಳಿ ಇದ್ದರೆ ಕಾಂಟ್ರಸೀಕಮ್, ಕೆಳಗೆ, ಅನ್ನನಾಳವನ್ನು ಸುತ್ತುವರಿದ ನರದ ಉಂಗುರದ ಹತ್ತಿರವಿದ್ದರೆ ಹಿಸ್ಟೆರೋತೈಲೇಸಿಯಂ. ಈ ರಂಧ್ರ ಬಹಳ ಚಿಕ್ಕದು; ಅವಸರ ಮಾಡಿದವರಿಗೆ ಕಾಣುವುದೇ ಇಲ್ಲ.

ಇಷ್ಟು ನೋಡಿದರೂ ದಕ್ಕುವುದು ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಹೆಸರು ಮಾತ್ರ. ವೆಂಟ್ರಿಕ್ಯುಲಸ್ ಉದ್ದವಾಗಿದ್ದು ಬಾಲದ ತುದಿಯಲ್ಲಿ ಪುಟ್ಟ ಮುಳ್ಳಿರುವ ಅನಿಸಾಕಿಸ್ ಮರಿಯನ್ನು ಮೊದಲನೆಯ ಬಗೆ ಎನ್ನುತ್ತಾರೆ. ತಂಪು ಕಡಲಿನ ಸಿಂಪ್ಲೆಕ್ಸ್, ಬೆಚ್ಚನೆಯ ಕಡಲಿನ ಟಿಪಿಕ ಎಂಬ ಅನಿಸಾಕಿಸ್ ಪ್ರಭೇದಗಳೆರಡೂ ಇದೇ ಬಗೆಯವು. ಅವನ್ನು ಬೇರ್ಪಡಿಸಲು ಡಿಎನ್‌ಎ ಪರೀಕ್ಷೆಯೇ ಬೇಕು. ಆದ್ದರಿಂದ ಸೂಕ್ಷ್ಮದರ್ಶಕವೊಂದನ್ನೇ ನಂಬಿ ಅರಬ್ಬೀ ಸಮುದ್ರದ ಮೀನಿನ ಮರಿಗೆ ಸಿಂಪ್ಲೆಕ್ಸ್ ಎಂದು ಬರೆಯುವ ವಿದ್ಯಾರ್ಥಿಗಳನ್ನು ನಾನು ತಡೆಯುತ್ತೇನೆ. ಹುಳುವನ್ನು ಫಾರ್ಮಲಿನ್‌ಗೆ ಹಾಕಬೇಡಿರೆಂದೂ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಡಿಎನ್‌ಎ ಕೆಡುತ್ತದೆ.

ಮಲ್ಪೆಯ ಹುಳುಗಳಲ್ಲಿ ಸೀಕಮ್, ಹಿಂದಿನ ಬಾಲ ಎರಡೂ ಇದ್ದವು. ರಂಧ್ರ ನರದ ಉಂಗುರದ ಪಕ್ಕದಲ್ಲಿತ್ತು. ಅವು ಹಿಸ್ಟೆರೋತೈಲೇಸಿಯಂ ಮರಿಗಳು. ಅನಿಸಾಕಿಸ್ ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ ಬೆಳೆದು ದೊಡ್ಡದಾದರೆ, ಇವು ಮೀನಿನಲ್ಲೇ ಪ್ರೌಢವಾಗುತ್ತವೆ. ಮನುಷ್ಯರಿಗೆ ಇವುಗಳಿಂದ ತೊಂದರೆಯಾಗುವುದು ತೀರಾ ಅಪರೂಪ. ಒಂದು ವೇಳೆ ಅನಿಸಾಕಿಸ್ ಆಗಿದ್ದರೂ ಮೀನಿನ ಒಳಭಾಗ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಬೆಂದರೆ ಮರಿ ಸಾಯುತ್ತದೆ, ಆದ್ದರಿಂದ ಚೆನ್ನಾಗಿ ಕುದಿದ ಗಸಿಗೆ ಹೆದರಬೇಕಿಲ್ಲ. ವಿನೆಗರ್‌ನಲ್ಲಿ ನೆನೆಸಿದ ಹಸಿ ಮೀನಿಗೆ ಮಾತ್ರ ಈ ಭರವಸೆ ಸಲ್ಲದು.

ಅವರಿಗೆ ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ಹುಳುಗಳ ತಲೆ ಮತ್ತು ಬಾಲ ಗ್ಲಿಸರಿನ್‌ನಲ್ಲಿವೆ, ನಡುವಿನ ತುಂಡು ಡಿಎನ್‌ಎ ಪರೀಕ್ಷೆಗಾಗಿ ಆಲ್ಕೋಹಾಲಿನಲ್ಲಿದೆ; ಸೀಸೆಯ ಚೀಟಿಯಲ್ಲಿ ಕುಲದ ಹೆಸರನ್ನಷ್ಟೇ ಬರೆದಿದ್ದೇನೆ.