ಲ್ಯಾಪ್‌ಟಾಪ್ ಕಟ್ಟಿದ ವೇಷ

ಆಲ್ದೂರಿನ ಹತ್ತಿರ ದೊಡ್ಡಪ್ಪನ ಕಾಫಿ ತೋಟ. ಅಲ್ಲಿನ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿ ಲೆಕ್ಕವೆಲ್ಲ, ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಒಂದು ಹಳೇ ಪ್ರೋಗ್ರಾಮಿನಲ್ಲಿತ್ತು. ಅದಿದ್ದ ಕಂಪ್ಯೂಟರ್ ಕಳೆದ ಮಳೆಗಾಲದ ಸಿಡಿಲಿಗೆ ಹೋಯಿತು. ಹಾರ್ಡ್‌ಡಿಸ್ಕ್ ಮಾತ್ರ ಹೇಗೋ ಬದುಕಿತ್ತು.

"ನೀನು ಕಂಪ್ಯೂಟರ್ ಓದಿದೋನಲ್ವಾ, ನೋಡು ಮಾರಾಯ" ಅಂದರು ದೊಡ್ಡಪ್ಪ. "ಅರ್ಧ ಗಂಟೆ ಕೆಲಸ" ಅಂದುಬಿಟ್ಟೆ. ಆ ಅರ್ಧ ಗಂಟೆ ಶನಿವಾರ ಬೆಳಿಗ್ಗೆ ಶುರುವಾಗಿ ಭಾನುವಾರ ಸಂಜೆಯಾದರೂ ಮುಗಿಯಲಿಲ್ಲ.

ಹೊಸ ಲ್ಯಾಪ್‌ಟಾಪ್ ಆ ಪ್ರೋಗ್ರಾಮನ್ನು ಮೂಸಿಯೂ ನೋಡಲಿಲ್ಲ. 64 ಬಿಟ್ ವಿಂಡೋಸ್‌ಗೂ 16 ಬಿಟ್ ಡಾಸ್ ಪ್ರೋಗ್ರಾಮಿಗೂ ಆಗಿಬರುವುದಿಲ್ಲ. ಡಾಸ್‌ಬಾಕ್ಸ್ ಅಂತ ಒಂದು ಎಮ್ಯುಲೇಟರ್ ಇದೆ, 2002ರಿಂದ ಬಿಟ್ಟಿ ಸಿಗುತ್ತದೆ. ಅದನ್ನು ಹಾಕಿದೆ.

"ಲ್ಯಾಪ್‌ಟಾಪ್ ಹಳೇ ಕಂಪ್ಯೂಟರಿನ ವೇಷ ಹಾಕುತ್ತೆ ದೊಡ್ಡಪ್ಪ. ಪ್ರೋಗ್ರಾಮಿಗೆ ಗುರುತೇ ಸಿಗಲ್ಲ."

"ಮೇಳದ ಸ್ತ್ರೀವೇಷದ ಹಾಗೆ ಅನ್ನು."

ನಮ್ಮ ಕಾಲೇಜಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಪ್ರೋಗ್ರಾಮಿನ ನೀಲಿ ಪರದೆ ಬಂದದ್ದೇ ದೊಡ್ಡಪ್ಪ ಖುಷಿಯಲ್ಲಿ ಅದರ ಮೇಲೊಂದು ಕ್ಲಿಕ್ ಮಾಡಿದರು. ಬಾಣದ ಗುರುತು ಮಾಯ! "ಇಲಿ ಬೋನಿಗೆ ಬಿತ್ತು" ಅಂತ ನಕ್ಕರು. ನಿಜಕ್ಕೂ ಹಾಗೇ. ಡಾಸ್‌ಬಾಕ್ಸ್ ಮೌಸನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಕಂಟ್ರೋಲ್ ಜೊತೆ ಎಫ್ 10 ಒತ್ತಿದರೆ ಮಾತ್ರ ಬಿಡುಗಡೆ. ಇದು ತಿಳಿಯುವ ಹೊತ್ತಿಗೆ ನಾನು ಎರಡು ಸಲ ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ್ದೆ.

ಆಮೇಲೆ ವೇಗದ ರಗಳೆ. ಜಾಸ್ತಿ ಇದ್ದರೆ ಒಳ್ಳೇದಲ್ವಾ ಅಂತ ಪೂರ್ತಿ ಏರಿಸಿಟ್ಟಿದ್ದೆ. "ತಡಿ ತಡಿ, ಏನೋ ಬರೆದಿತ್ತು" ಅನ್ನುವಷ್ಟರಲ್ಲಿ ಬರೆದದ್ದು ಹೋಗಿರುತ್ತಿತ್ತು. ಆ ಕಾಲದ ಎಷ್ಟೋ ಪ್ರೋಗ್ರಾಮ್‌ಗಳು ಮೆಸೇಜ್ ತೋರಿಸಿ, ಸಮಯ ಕಳೆಯಲು ಸುಮ್ನೆ ಒಂದು, ಎರಡು, ಮೂರು ಅಂತ ಸಾವಿರಗಟ್ಟಲೆ ಎಣಿಸುತ್ತಾ ಕೂರುತ್ತಿದ್ದವು. ಈಗಿನ ಮೆಷಿನ್ನಿಗೆ ಆ ಎಣಿಕೆ ಕಣ್ಣು ಮಿಟುಕಿಸುವಷ್ಟೂ ಇಲ್ಲ. ಕಂಟ್ರೋಲ್ ಎಫ್ 11 ಒತ್ತುತ್ತಾ ಇಳಿಸುತ್ತಾ ಬಂದೆ. 3000 ಸೈಕಲ್ಸ್‌ಗೆ (ಡಾಸ್‌ಬಾಕ್ಸ್ ವೇಗ ಅಳೆಯುವುದು ಹೀಗೆ) ಬಂದಾಗ ದೊಡ್ಡಪ್ಪನ ಮುಖ ಅರಳಿತು.

"ಹ್ಞಾಂ, ಇದು ನಮ್ದು! ಬಟವಾಡೆ ಲೆಕ್ಕಕ್ಕೆ ಹಾಕಿ ನಾನು ಕಾಫಿ ಕುಡಿದು ಬರ್ತಿದ್ದೆ."

ಈಗಲೂ ಎದ್ದು ಕಾಫಿಗೆ ಹೋದರು. ಎಂಟು ಕೋರ್‌ಗಳ ಲ್ಯಾಪ್‌ಟಾಪ್ ಅವರ ಲೋಟ ಖಾಲಿಯಾಗುವ ತನಕ ಏದುಸಿರು ಬಿಡುವ ನಾಟಕ ಆಡಿತು.

ಕೊನೆಗೆ ಪಟ್ಟಿ ಪ್ರಿಂಟ್ ಕೊಟ್ಟೆವು. ಪ್ರಿಂಟ್ ಆಗುತ್ತಿದೆ ಅಂತ ಪರದೆ ಹೇಳಿತು. ಪ್ರಿಂಟರ್ ಮಿಸುಕಲಿಲ್ಲ. ನಾನು ಹಾಕಿದ್ದ ಮೂಲ ಡಾಸ್‌ಬಾಕ್ಸ್‌ಗೆ ಪ್ರಿಂಟರ್ ಅನ್ನುವುದೇ ಗೊತ್ತಿಲ್ಲವಂತೆ! ಗೊತ್ತಿರುವ ಡಾಸ್‌ಬಾಕ್ಸ್-ಎಕ್ಸ್ ಇಳಿಸಿಕೊಳ್ಳೋಣ ಅಂದರೆ ಕರೆಂಟ್ ಹೋಯಿತು, ಅದರ ಹಿಂದೆಯೇ ನೆಟ್‌ವರ್ಕೂ.

ದೊಡ್ಡಪ್ಪ ತೋಟದ ಲೆಕ್ಕ ಬರೆಯುವ ರೈಟರನ್ನು ಕೂಗಿದರು. "ಆ ಉದ್ದದ ಪುಸ್ತಕ ತಗೊಂಡು ಬಾರೋ. ಇವನು ಓದ್ತಾನೆ, ನೀನು ಬರ್ಕೋ."

62 ಹೆಸರು. ಬ್ಯಾಟರಿ 19 ಪರ್ಸೆಂಟ್ ಇತ್ತು. ಬೇಗ ಬೇಗ ಓದಿದೆ.